ಮನೆಯ ಡಿಎನ್‌ಎಸ್‌ನಲ್ಲಿ ಒಂದೇ ಒಂದು ಹೆಸರಿನ ಉತ್ತರ ಬದಲಿಸುವುದು

ಮನೆಯ ಫೋಟೊಗಳನ್ನೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿಟ್ಟು, ನನ್ನ ಡೊಮೇನಿನ ಕೆಳಗೆ ಅದಕ್ಕೊಂದು ಹೆಸರು ಕೊಟ್ಟಿದ್ದೆ. ಪರ ಊರಿನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತಿದ್ದ ಆ ತಾಣ ಮನೆಯ ವೈಫೈಯಲ್ಲಿ ಮಾತ್ರ ತೆರೆಯುತ್ತಿರಲಿಲ್ಲ. ಆ ಹೆಸರಿಗೆ ಸಿಗುತ್ತಿದ್ದುದು ಸಾರ್ವಜನಿಕ ಐಪಿ ವಿಳಾಸ. ಒಳಗಿನಿಂದ ಹೊರಟ ಸಂಪರ್ಕವನ್ನು ಅದೇ ವಿಳಾಸದ ಮೂಲಕ ಮತ್ತೆ ಒಳಕ್ಕೆ ತಿರುಗಿಸುವುದು ನನ್ನ ರೂಟರಿಗೆ ಬರುತ್ತಿರಲಿಲ್ಲ. ಐಪಿಯನ್ನೇ ಟೈಪ್ ಮಾಡಿದರೆ ಹೆಸರಿಗೆಂದು ಪಡೆದ ತಾಣದ ಭದ್ರತಾ ಪ್ರಮಾಣಪತ್ರ ಹೊಂದುವುದಿಲ್ಲ. ಹಾಗಾಗಿ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಮನೆಯ ಡಿಎನ್‌ಎಸ್ ಸರ್ವರಿನಿಂದಲೇ ಆ ಹೆಸರಿಗೆ 192.168.1.20 ಎಂಬ, ಆ ಕಂಪ್ಯೂಟರಿನ ಮನೆಯೊಳಗಿನ ವಿಳಾಸವನ್ನು ಉತ್ತರವಾಗಿ ಕೊಡಿಸಲು ನಿರ್ಧರಿಸಿದೆ.

ನಾನು ಬಳಸುವುದು ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ. ಮೊದಲ ಸಲ ಇಡೀ ಡೊಮೇನನ್ನು 'ಸ್ಟ್ಯಾಟಿಕ್' ಲೋಕಲ್-ಝೋನ್ (ನಮ್ಮ ಸರ್ವರೇ ಉತ್ತರಿಸುವ ಹೆಸರುಗಳ ವಲಯ) ಎಂದು ಘೋಷಿಸಿ, ಅದರಲ್ಲಿ ಫೋಟೊ ಸರ್ವರಿನ ಹೆಸರೊಂದನ್ನೇ ಬರೆದೆ. ಫೋಟೊಗಳು ತೆರೆದವು, ಆದರೆ ಮನೆಯವರ ಮೊಬೈಲಿಗೆ ಇಮೇಲ್ ಬರುವುದು ನಿಂತಿತು. ಸ್ಟ್ಯಾಟಿಕ್ ಝೋನಿನಲ್ಲಿ ನಾವು ಬರೆಯದ ಹೆಸರು ಲೋಕದಲ್ಲೇ ಇಲ್ಲವೆಂದು ಸರ್ವರ್ ಹೇಳಿಬಿಡುತ್ತದೆ; ಮೇಲ್ ಸರ್ವರಿನ ಹೆಸರೂ ಹಾಗೆಯೇ ಮಾಯವಾಗಿತ್ತು.

ಝೋನಿನ ಸಾಲನ್ನು ಅಳಿಸಿ, ಫೋಟೊ ಸರ್ವರಿನ ಪೂರ್ತಿ ಹೆಸರಿಗೆ ಒಂದೇ ಲೋಕಲ್-ಡೇಟಾ ಸಾಲು (ಹೆಸರು ಮತ್ತು ಅದಕ್ಕೆ ನಾವು ಕೊಡುವ ಉತ್ತರ) ಬರೆದರೆ ಸಾಕು. ಆ ಹೆಸರಿಗೆ ಅನ್‌ಬೌಂಡ್ ತಾನಾಗಿ 'ಟ್ರಾನ್ಸ್‌ಪರೆಂಟ್' ಝೋನ್ ಕಟ್ಟಿಕೊಳ್ಳುತ್ತದೆ, ಉಳಿದ ಹೆಸರುಗಳ ಪ್ರಶ್ನೆಗಳು ಎಂದಿನಂತೆ ಹೊರಗೆ ಹೋಗುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಟ್ರಾನ್ಸ್‌ಪರೆಂಟ್ ಝೋನಿನಲ್ಲಿ ನಾವು ಬರೆದ ಹೆಸರಿಗೆ ಎ ದಾಖಲೆ (ಹಳೆಯ ಮಾದರಿಯ ಐಪಿವಿ4 ವಿಳಾಸ) ಮಾತ್ರ ಇದ್ದರೆ, ಕ್ವಾಡ್-ಎ ದಾಖಲೆ (ಹೊಸ ಮಾದರಿಯ ಐಪಿವಿ6 ವಿಳಾಸ) ಕೇಳಿದವರಿಗೆ ಖಾಲಿ ಉತ್ತರ ಹೋಗುತ್ತದೆ. ನನಗೆ ಬೇಕಾಗಿದ್ದುದು ಅದೇ, ಏಕೆಂದರೆ ಹೊರಗಿನ ಐಪಿವಿ6 ವಿಳಾಸ ನುಸುಳಿ ಬಂದರೆ ಮೊಬೈಲು ಅದನ್ನೇ ಮೊದಲು ಹಿಡಿಯುತ್ತದೆ. 'ಟೈಪ್‌ಟ್ರಾನ್ಸ್‌ಪರೆಂಟ್' ಎಂದಿಟ್ಟರೆ, ನಾವು ಬರೆಯದ ಬಗೆಯ ದಾಖಲೆಯನ್ನು ಸರ್ವರ್ ಹೊರಗೆ ಕೇಳುವುದರಿಂದ, ಅದು ನುಸುಳುತ್ತದೆ. ಆದರೆ ಬದಲಿಸುವುದು ಡೊಮೇನಿನ ಮೂಲ ಹೆಸರನ್ನೇ ಆದರೆ ಟೈಪ್‌ಟ್ರಾನ್ಸ್‌ಪರೆಂಟೇ ಸರಿ. ಇಲ್ಲದಿದ್ದರೆ ಅದೇ ಹೆಸರಿನಲ್ಲಿರುವ ಎಂಎಕ್ಸ್ ದಾಖಲೆ (ಡೊಮೇನಿನ ಪತ್ರ ಪಡೆಯುವ ಸರ್ವರ್ ಯಾವುದೆಂಬ ಸೂಚನೆ) ಮರೆಯಾಗಿ, ಮನೆಯೊಳಗಿನ ಮೇಲ್ ಸರ್ವರಿಗೆ ಪತ್ರವನ್ನು ಎಲ್ಲಿಗೆ ತಲುಪಿಸಬೇಕೆಂದು ಸರಿಯಾಗಿ ತಿಳಿಯುವುದಿಲ್ಲ.

ಲೋಕಲ್-ಡೇಟಾದಲ್ಲಿ ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂಬ ಅವಧಿ) ಬರೆಯದಿದ್ದರೆ ಅದು 3600 ಸೆಕೆಂಡು ಎಂದಾಗುತ್ತದೆ. ನಾನು 60 ಎಂದು ಬರೆದಿದ್ದೇನೆ.

ಇಷ್ಟಾದರೂ ಒಂದು ಲ್ಯಾಪ್‌ಟಾಪ್ ಹಟ ಹಿಡಿದಿತ್ತು. ಡಿಎನ್‌ಎಸ್ ಉತ್ತರವನ್ನು ಪರೀಕ್ಷಿಸುವ ಡಿಗ್ ಆಜ್ಞೆ 192.168.1.20 ಎಂದೇ ತೋರಿಸುತ್ತಿತ್ತು, ಬ್ರೌಸರ್ ಮಾತ್ರ ಸಾರ್ವಜನಿಕ ವಿಳಾಸಕ್ಕೇ ಹೋಗುತ್ತಿತ್ತು. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಎಚ್‌ಟಿಟಿಪಿಎಸ್ ಮೂಲಕ ಹೊರಗಿನ ಡಿಎನ್‌ಎಸ್ ಸರ್ವರನ್ನು ಕೇಳುವ ಆಯ್ಕೆ ಚಾಲೂ ಇದ್ದುದರಿಂದ, ಅದರ ಪ್ರಶ್ನೆ ನನ್ನ ಸರ್ವರಿಗೆ ಬರುತ್ತಲೇ ಇರಲಿಲ್ಲ. ಆ ಆಯ್ಕೆಯನ್ನು ನಿಲ್ಲಿಸಿ ಪುಟವನ್ನು ಮತ್ತೆ ತೆರೆದಾಗ ಫೋಟೊಗಳು ಬಂದವು.