ಮಕ್ಕಳು ತಂಬಾಕು ಶುರು ಮಾಡೋದು ಯಾವ ವಯಸ್ಸಿಗೆ?

ಅಂಕಿಅಂಶ ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಅಪ್ಪ-ಅಮ್ಮಂದಿರು ಕೇಳುತ್ತಾರೆ: "ಸಿಗರೇಟು, ಗುಟ್ಕಾ ಎಲ್ಲಾ ಮಕ್ಕಳು ಸರಾಸರಿ ಯಾವ ವಯಸ್ಸಿಗೆ ಶುರು ಮಾಡ್ತಾರೆ ಸರ್?" ಒಂದು ಸಂಖ್ಯೆ ಸಿಕ್ಕರೆ ಆ ವರ್ಷ ಹುಷಾರಾಗಿರಬಹುದು ಅನ್ನೋ ಆಸೆ. ಆದರೆ ಆ ಸರಾಸರಿಯನ್ನು ನಂಬಬೇಡಿ ಅಂತಲೇ ನಾನು ಹೇಳುವುದು.

2019ರಲ್ಲಿ ನಮ್ಮ ದೇಶದಲ್ಲಿ ಗ್ಲೋಬಲ್ ಯೂತ್ ಟೊಬ್ಯಾಕೊ ಸರ್ವೆ ನಡೆಯಿತು. 13ರಿಂದ 15 ವರ್ಷದ ಶಾಲಾ ಮಕ್ಕಳ ಲೆಕ್ಕ ಅದು. ಮೊದಲ ಸಲ ಸಿಗರೇಟು ಸೇದಿ ನೋಡಿದಾಗ ನಿನಗೆ ಎಷ್ಟು ವಯಸ್ಸು ಅಂತ ಅದರಲ್ಲಿ ಒಂದು ಪ್ರಶ್ನೆ. ಉತ್ತರಗಳು: ಯಾವತ್ತೂ ಸೇದಿಲ್ಲ, 7 ಅಥವಾ ಅದಕ್ಕಿಂತ ಕಡಿಮೆ, 8 ಅಥವಾ 9, 10 ಅಥವಾ 11, ಹೀಗೆ.

ಸರಾಸರಿ ತೆಗೆಯುವಾಗ "ಸೇದಿಲ್ಲ" ಅಂದವರೆಲ್ಲ ಲೆಕ್ಕದಿಂದ ಹೊರಗೆ. ಆದರೆ ಅವರಲ್ಲೊಬ್ಬ ಪಿಯುಸಿಗೆ ಬಂದಮೇಲೆ ಶುರು ಮಾಡಬಹುದು, ಅಲ್ವಾ? ಅದೇ ಮಕ್ಕಳನ್ನು 20ಕ್ಕೆ ಮತ್ತೆ ಕೇಳಿದರೆ ಸರಾಸರಿ ಮೇಲೇರುತ್ತದೆ.

ಇದಕ್ಕೆ ಸರ್ವೈವಲ್ ಅನಾಲಿಸಿಸ್ ಅನ್ನೋ ದಾರಿ ಇದೆ. ಕಾಯಿಲೆಯವರು ಎಷ್ಟು ಕಾಲ ಬದುಕುತ್ತಾರೆ ಅಂತ ನೋಡಲು ಬಳಸುವ ಲೆಕ್ಕ. ಸಂಖ್ಯಾಶಾಸ್ತ್ರಜ್ಞರಾದ ಕಪ್ಲಾನ್ ಮತ್ತು ಮೈಯರ್ 1958ರಲ್ಲಿ, ಕಾಕ್ಸ್ 1972ರಲ್ಲಿ ಇದನ್ನು ಗಟ್ಟಿ ಮಾಡಿದರು. ಇಲ್ಲಿ ಪ್ರಶ್ನೆ ಬೇರೆ: ಇಲ್ಲಿವರೆಗೆ ಮುಟ್ಟದವರಲ್ಲಿ ಈ ವರ್ಷ ಎಷ್ಟು ಮಂದಿ ಶುರು ಮಾಡಿದರು? ಸುಮ್ನೆ ಉದಾಹರಣೆಗೆ, 100 ಮಕ್ಕಳಲ್ಲಿ 90 ಮಂದಿ 12 ತುಂಬುವವರೆಗೂ ಮುಟ್ಟಿಲ್ಲ ಅನ್ನಿ. ಮುಂದಿನ ವರ್ಷ ಆ 90ರಲ್ಲಿ 9 ಮಂದಿ ಶುರು ಮಾಡಿದರೆ, ಶುರು ಮಾಡುವ ಅಪಾಯ ಶೇ. 10. ಉಳಿದವರು 81. ಅದರಾಚೆಯ ವರ್ಷವೂ 9 ಮಂದಿಯೇ ಶುರು ಮಾಡಿದರೆ ಅದು ಶೇ. 11. ತಲೆ ಎಣಿಸಿದರೆ ಎರಡೂ ವರ್ಷ ಒಂದೇ, ಅಪಾಯ ಮಾತ್ರ ಜಾಸ್ತಿಯಾಗಿದೆ. ಗೆಳೆಯರು ಸೇದುತ್ತಾರಾ, ಮನೆಯಲ್ಲಿ ಯಾರಾದರೂ ಜಗಿಯುತ್ತಾರಾ ಅನ್ನೋದನ್ನೂ ವರ್ಷವರ್ಷಕ್ಕೆ ಇದರೊಳಗೆ ಸೇರಿಸಬಹುದು.

ಆ ಸರ್ವೆಯಲ್ಲಿ ನನ್ನನ್ನು ಕಾಡಿದ್ದು ಬೇರೆಯೇ ಅಂಕಿ. ಜಗಿಯುವ ತಂಬಾಕು ಬಳಸಿದ ಮಕ್ಕಳಲ್ಲಿ ಶೇ. 52, ಬೀಡಿ ಸೇದಿದವರಲ್ಲಿ ಶೇ. 47, ಸಿಗರೇಟು ಸೇದಿದವರಲ್ಲಿ ಶೇ. 38ರಷ್ಟು ಮಂದಿ 10 ತುಂಬುವ ಮೊದಲೇ ಶುರು ಮಾಡಿದ್ದರು. ತಡವಾಗಿ ಶುರು ಮಾಡುವವರು ಸೇರಿಕೊಂಡಾಗ ಈ ಪಾಲು ಇಳಿಯುತ್ತದೆ, ನಿಜ. ಆದರೆ 9ಕ್ಕೇ ಶುರು ಮಾಡಿದ ಮಗು ಅಲ್ಲೇ ಇರುತ್ತದೆ. ಒಂಬತ್ತು ಅಂದರೆ ನಾಲ್ಕನೇ ಕ್ಲಾಸು! ತಂಬಾಕಿನ ಬಗ್ಗೆ ಹೈಸ್ಕೂಲಿನಲ್ಲಿ ಭಾಷಣ ಮಾಡಿಸಿದರೆ ಇವರಿಗೆ ಏನು ಬಂತು?

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಮಾತು ಪ್ರೈಮರಿಯಲ್ಲೇ ಶುರುವಾಗಲಿ. ಅಂಗಡಿಯಿಂದ ಹೊಗೆಸೊಪ್ಪು ತರಲು ಮಗುವನ್ನು ಕಳಿಸಬೇಡಿ. ಎಸ್ಸೆಸ್ಸೆಲ್ಸಿವರೆಗೂ ಮುಟ್ಟಿಲ್ಲ ಅಂತ ಆಮೇಲೆ ಕೈಬಿಡಬೇಡಿ.

ಇನ್ನೊಂದು ವಿಷಯ. ಇದು ಶಾಲೆಯಲ್ಲಿ ಮಾಡಿದ ಸರ್ವೆ. ಶಾಲೆ ಬಿಟ್ಟು ಗ್ಯಾರೇಜಿಗೋ ಹೋಟೆಲ್ ಕೆಲಸಕ್ಕೋ ಸೇರಿದ ಹುಡುಗರು ಇದರಲ್ಲಿ ಇಲ್ಲವೇ ಇಲ್ಲ. ಅವರನ್ನೂ ಹುಡುಕಿಕೊಂಡು ಹೋಗಿ ಇದೇ ಪ್ರಶ್ನೆ ಕೇಳಬೇಕು.