ಚಿಪ್ಪಿನ ಅಂಚಿನ ತೂತುಗಳು

ಕಮರ್ಷಿಯಲ್ ಸ್ಟ್ರೀಟ್‌ನ ಒಂದು ಅಂಗಡಿಯಲ್ಲಿ ಇವತ್ತು ಅಬಲೋನಿ ಚಿಪ್ಪು ಕೈಗೆ ಸಿಕ್ಕಿತು. ಪಾಲಿಶ್ ಮಾಡದ ಇಡೀ ಚಿಪ್ಪು. ಹೊರಗೆ ಒರಟು, ಮಾಸಿದ ಕೆಂಪು. ತಿರುಗಿಸಿದರೆ ಒಳಗೆಲ್ಲಾ ಹಸಿರು, ನೀಲಿ, ಗುಲಾಬಿ. ಆದರೆ ನನ್ನ ಕಣ್ಣು ಹೋಗಿದ್ದು ಅಂಚಿನಲ್ಲಿ ಸಾಲಾಗಿದ್ದ ತೂತುಗಳ ಮೇಲೆ.

ಇದು ಕಡಲ ಬಸವನಹುಳು. ಅದರ ಉಸಿರಾಟಕ್ಕೇ ಈ ತೂತುಗಳು. ತಲೆಯ ಕಡೆಯಿಂದ ಒಳಗೆ ಬಂದ ನೀರು ಕಿವಿರುಗಳನ್ನು ಹಾದು ಇಲ್ಲಿಂದ ಹೊರಗೆ ಹೋಗುತ್ತದೆ. ಕಸವೂ ಇಲ್ಲಿಂದಲೇ, ಮೊಟ್ಟೆಯೂ ಇಲ್ಲಿಂದಲೇ! ಚಿಪ್ಪು ಬೆಳೆದಂತೆ ಮುಂದೆ ಹೊಸ ತೂತು ಮೂಡುತ್ತದೆ, ಹಿಂದಿನ ಹಳೆಯದು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ತೂತುಗಳ ಮೇಲೆ ಸುಮ್ನೆ ಬೆರಳಾಡಿಸಿದೆ. ಸುರುಳಿಯ ತನಕ ಸಣ್ಣ ಸಣ್ಣ ಉಬ್ಬುಗಳು. ಒಂದು ಜೀವ ಬೆಳೆದು ಬಂದ ದಾರಿ ಹೀಗೆ ಬೆರಳಿಗೇ ಸಿಗುತ್ತದೆ ಅಂದರೆ ಎಷ್ಟು ಚೆಂದ ಅಲ್ವಾ?

ಒಳಗಿನ ಹೊಳಪಿನಲ್ಲಿ ಬಣ್ಣದ ಕೆಲಸ ಕಡಿಮೆ, ಬೆಳಕಿನ ಕೆಲಸವೇ ಜಾಸ್ತಿ. ಸುಣ್ಣದ ತೀರಾ ತೆಳು ಬಿಲ್ಲೆಗಳು ಪದರ ಪದರವಾಗಿ ಕೂತಿರುತ್ತವೆ, ನಡುವೆ ಪ್ರೋಟೀನ್. ಚಿಪ್ಪು ಸುಲಭಕ್ಕೆ ಒಡೆಯದಿರುವುದೂ ಇದೇ ಜೋಡಣೆಯಿಂದ.

ಇಷ್ಟು ಗಟ್ಟಿ ಮನೆಯೊಳಗಿನ ಜೀವ ಮಾತ್ರ ಬಹಳ ಸೂಕ್ಷ್ಮ. ಅಗಲವಾದ ಪಾದದಿಂದ ಬಂಡೆಗೆ ಕಚ್ಚಿಕೊಂಡರೆ ಕೀಳುವುದು ಕಷ್ಟ, ನಿಜ. ಆದರೆ ಅದರ ರಕ್ತ ಹೆಪ್ಪುಗಟ್ಟುವುದಿಲ್ಲ. ಕೀಳುವಾಗ ಆಳವಾದ ಗಾಯವಾದರೆ ವಾಪಸ್ ನೀರಿಗೆ ಬಿಟ್ಟರೂ ಸಾಯಬಹುದು. 30 ಸೆಂ.ಮೀ. ತನಕ ಬೆಳೆಯುವ ಕೆಂಪು ಅಬಲೋನಿಯನ್ನು ಹವ್ಯಾಸಕ್ಕಾಗಿ ಹಿಡಿಯುವುದನ್ನು ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ನಿಲ್ಲಿಸಿದರು. ಒಳ್ಳೆಯ ಕೆಲಸ ಮಾಡಿದರು.