ಕ್ಯಾಮ್ ಹಾಕಿದೆ, ಬ್ರೇಕ್ ಕಲ್ಲಾಯಿತು

ಡೆಟ್ರಾಯಿಟ್ ಪಕ್ಕದ ವರ್ಕ್‌ಶಾಪ್ ಒಂದರಲ್ಲಿ ಹಳೆಯ ಮಸಲ್ ಕಾರುಗಳನ್ನು (ದೊಡ್ಡ ಇಂಜಿನ್ನಿನ, ಜೋರಾಗಿ ಓಡುವ ಅಮೆರಿಕನ್ ಕಾರುಗಳನ್ನು) ಬಿಚ್ಚಿ, ಸರಿಮಾಡಿ, ಮತ್ತೆ ರಸ್ತೆಗಿಳಿಸುವುದು ನನ್ನ ಕೆಲಸ. ಸೇರಿದ ಎರಡನೇ ವರ್ಷ ಒಂದು 1969ರ ಶೆವರ್ಲೆ ಕಮಾರೊ ಬಂತು. 350 ಕ್ಯೂಬಿಕ್ ಇಂಚಿನ ವಿ8, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮಾಲೀಕರದು ಎರಡು ಆಸೆ: ನಿಂತಲ್ಲೇ ಗುಡುಗುಟ್ಟುವ ಇಂಜಿನ್, ಮುಂದಿನ ಚಕ್ರಗಳಿಗೆ ಬೂಸ್ಟರ್ (ಪೆಡಲ್ ಹಗುರ ಮಾಡುವ ಸಾಧನ) ಸಮೇತ ಡಿಸ್ಕ್ ಬ್ರೇಕ್. ಆಗಸ್ಟ್‌ನಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕಾರು ತಯಾರಾಗಬೇಕಿತ್ತು.

ಈ ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತ ನನಗೆ ಹೊಳೆಯಲೇ ಇಲ್ಲ. ಕ್ಯಾಟಲಾಗ್ ನೋಡಿ ದೊಡ್ಡ ಕ್ಯಾಮ್‌ಶಾಫ್ಟ್ (ಇಂಜಿನ್ ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ) ಆರಿಸಿದೆ. ಸದ್ದು ಅದ್ಭುತವಾಗಿತ್ತು. ಅಂಗಳದಲ್ಲೇ ಒಂದು ಸುತ್ತು ಹೊರಟೆ. ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನಂತೆ ನಿಂತಿತು. ಎರಡೂ ಕಾಲು ಹಾಕಿ ತುಳಿದ ಮೇಲೆ ಕಾರು ಗೋಡೆಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಆ ಭಯ ಇನ್ನೂ ಹೋಗಿಲ್ಲ.

ಇಂಜಿನ್ನಿನ ಹೀರುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಚ್ಚಿದಾಗ ಮುಳ್ಳು ಹತ್ತು ಇಂಚಿನ (ಪಾದರಸದ ಲೆಕ್ಕ) ಆಸುಪಾಸಿನಲ್ಲಿ ನಡುಗುತ್ತಿತ್ತು. ಬೂಸ್ಟರ್ ಸರಿಯಾಗಿ ಕೆಲಸ ಮಾಡಲು ಹೆಚ್ಚುಕಡಿಮೆ ಹದಿನೆಂಟು ಬೇಕು. ದೊಡ್ಡ ಕ್ಯಾಮ್ ಇನ್‌ಟೇಕ್, ಎಗ್ಸಾಸ್ಟ್ ವಾಲ್ವ್‌ಗಳನ್ನು ಒಟ್ಟೊಟ್ಟಿಗೇ ಹೆಚ್ಚು ಹೊತ್ತು ತೆರೆದಿಡುತ್ತದೆ. ಅದರಿಂದಲೇ ಆ ಗುಡುಗು, ಅದರಿಂದಲೇ ಐಡಲ್‌ನಲ್ಲಿ (ಕಾರು ನಿಂತು ಇಂಜಿನ್ ಓಡುವಾಗ) ವ್ಯಾಕ್ಯೂಮ್ ಕುಸಿತ. ಬೂಸ್ಟರ್ ಬದುಕುವುದೇ ಆ ವ್ಯಾಕ್ಯೂಮ್ ಮೇಲೆ.

ಮಾಲೀಕರಿಗೆ ಅದೇ ದಿನ ಫೋನ್ ಮಾಡಿ ತಪ್ಪು ನನ್ನದೇ ಎಂದು ಹೇಳಿದೆ. ದಾರಿಗಳಿದ್ದವು. ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಕೂರಿಸಬಹುದು. ಬೂಸ್ಟರ್ ಬಿಟ್ಟು, ಬೋರ್ (ಒಳಗಿನ ವ್ಯಾಸ) ಚಿಕ್ಕದಿರುವ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ದ್ರವ ತಳ್ಳುವ ಭಾಗ, ಹಾಕಿ ಮ್ಯಾನ್ಯುಯಲ್ ಬ್ರೇಕ್ ಮಾಡಬಹುದು. ಈ ಕಾರಿನ ಪೆಡಲ್ ಕಾಂಡಕ್ಕೆ ಅದಕ್ಕೆಂದೇ ಎರಡು ತೂತು ಇರುತ್ತವೆ: ಮೇಲಿನದು ಮ್ಯಾನ್ಯುಯಲ್‌ಗೆ, ಕೆಳಗಿನದು ಬೂಸ್ಟರ್‌ಗೆ. ಅವರು ಮಗಳನ್ನೂ ಡ್ರೈವಿಂಗ್ ಸೀಟಿನಲ್ಲಿ ಕೂರಿಸುವವರು, ಪೆಡಲ್ ಹಗುರವಾಗಿಯೇ ಇರಬೇಕಿತ್ತು. ಕ್ಯಾಮ್ ಬಿಚ್ಚಿ ಸಣ್ಣದು ಹಾಕಿದೆ. ಆ ದುಡಿಮೆಗೆ ಬಿಲ್ ಹಾಕಲಿಲ್ಲ. ಮುಳ್ಳು ಹದಿನೆಂಟರ ಹತ್ತಿರ ಅಲುಗದೆ ನಿಂತಿತು. ಗುಡುಗು ತಗ್ಗಿತು, ಅವರಿಗೆ ಬೇಸರವಾಯಿತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಹಳೆಯ ಡ್ರಮ್ ಮಾಸ್ಟರ್ ಸಿಲಿಂಡರನ್ನೂ ಬದಲಿಸಿದೆ. ಅದರೊಳಗಿನ ರೆಸಿಡ್ಯುಯಲ್ ವಾಲ್ವ್ ಲೈನಿನಲ್ಲಿ ಒತ್ತಡ ಉಳಿಸುತ್ತದೆ. ಹಾಗೇ ಬಿಟ್ಟರೆ ಪ್ಯಾಡು ಡಿಸ್ಕಿಗೆ ಸದಾ ಉಜ್ಜುತ್ತಿರುತ್ತದೆ.

ಈಗ ಕಾರು ಬಂದ ದಿನವೇ ಗೇಜ್ ಹಚ್ಚಿ ಅಂಕಿಯನ್ನು ಜಾಬ್ ಕಾರ್ಡ್ ಮೇಲೆ ಬರೆಯುತ್ತೇನೆ. ಮೊದಲು ಬ್ರೇಕ್ ನಿರ್ಧಾರ, ಆಮೇಲೆ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ, ಆಟೊಮ್ಯಾಟಿಕ್ ಗೇರಿನ ಕಾರಾದರೆ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ). ಕ್ಯಾಮ್ ಮಾತು ಅಲ್ಲಿಂದಾಚೆಗೆ.